ಕೊಟ್ಟಿಗೆಯಲ್ಲೊಂದು ಕೊಯ್ಯುವ ಮಣೆ

ನಮ್ಮ ಕಡೆ ತರಕಾರಿ ಹೆಚ್ಚುವುದು ಮೆಟ್ಟುಗತ್ತಿಯಲ್ಲಿ. ಕತ್ತಿ ಮಣೆಯ ಮೇಲೆ ನಿಂತೇ ಇರುತ್ತದೆ, ಬದನೆಕಾಯಿಯೇ ಅದರ ಹತ್ತಿರ ಹೋಗಬೇಕು. ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆ ಬರುವ ಗರಗಸದ ಯಂತ್ರ, ಕೂಡ ಅದೇ ಜಾತಿಯದು. ಕೈಗರಗಸದಲ್ಲಿ ಮರ ಸುಮ್ಮನಿರುತ್ತದೆ, ಗರಗಸ ಓಡಾಡುತ್ತದೆ. ಇಲ್ಲಿ ಬ್ಲೇಡು ನಿಂತಲ್ಲೇ ತಿರುಗುತ್ತದೆ, ಹಲಗೆಯನ್ನು ನಾವು ನೂಕಿಕೊಂಡು ಹೋಗಬೇಕು. ಕೊಯ್ತ ಸೊಟ್ಟಾಯಿತು ಅಂತ ಬ್ಲೇಡಿಗೆ ಬೈದರೆ ಆಗುವುದೇನೂ ಇಲ್ಲ. ನಾವು ನೂಕಿಕೊಂಡು ಹೋದ ದಾರಿಯೇ ಸೊಟ್ಟ. ಇಷ್ಟು ತಿಳಿಯಲು ನನಗೆ ಒಂದು ಪುಸ್ತಕದ ಕಪಾಟು, ಒಂದೂವರೆ ಶೀಟು ಪ್ಲೈವುಡ್ಡು ಖರ್ಚಾಯಿತು.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು ನಾನು. ಸಾಗರದಿಂದ ಸ್ವಲ್ಪ ಒಳಗೆ ಮನೆ. ದನ ಸಾಕುವುದು ಬಿಟ್ಟ ಮೇಲೆ ಕೊಟ್ಟಿಗೆ ಖಾಲಿ ಇತ್ತು. ಮಗಳು ‘ಅಮ್ಮ, ನಿಂಗೆ ಎಂತ ಬೇಕು’ ಅಂತ ಕೇಳಿದಾಗ ಚಿನ್ನದ ಬಳೆ ಕೇಳುತ್ತೇನೆ ಅಂದುಕೊಂಡಿದ್ದಳೋ ಏನೋ. ನಾನು ಕೇಳಿದ್ದು 10 ಇಂಚಿನ ಬ್ಲೇಡಿನ ಟೇಬಲ್ ಸಾ. ಗುಡಿಗಾರರು ಶ್ರೀಗಂಧದಲ್ಲಿ ಬಳ್ಳಿ, ಹೂವು, ನವಿಲು ಕೆತ್ತುವ ಊರಿನಲ್ಲಿ ಒಂದು ಹಲಗೆಯನ್ನು ನೆಟ್ಟಗೆ ಅಡ್ಡ ಕೊಯ್ಯಲು ಎರಡು ವರ್ಷ ಒದ್ದಾಡಿದವಳು ಬಹುಶಃ ನಾನೊಬ್ಬಳೇ.

ಮೊದಲ ಕಪಾಟಿನ ಕಥೆ ಹೇಳಿಬಿಡುತ್ತೇನೆ. ಯಂತ್ರದ ಜೊತೆ ಒಂದು ಮೈಟರ್ ಗೇಜ್ ಬಂದಿತ್ತು, ಹಲಗೆಯನ್ನು ಬೇಕಾದ ಕೋನದಲ್ಲಿ ಹಿಡಿದು ನೂಕಲು. ಅರ್ಧಚಂದ್ರದ ಕೋನಮಾಪಕ, ಅದಕ್ಕೊಂದು ಮುಳ್ಳು, ಅಡಿಯಲ್ಲಿ ಮೇಜಿನ ಗಾಡಿಯಲ್ಲಿ (ಉದ್ದಕ್ಕೆ ಕೊರೆದ ತೋಡಿನಲ್ಲಿ) ಜಾರುವ ಕಬ್ಬಿಣದ ಪಟ್ಟಿ. ಮುಳ್ಳನ್ನು 90ಕ್ಕೆ ತಂದು ಬಿಗಿಮಾಡಿ, 280 ಮಿ.ಮೀ. ಅಗಲದ ಐದು ಅಡ್ಡಹಲಗೆ, ಎರಡು ಪಕ್ಕದ ಹಲಗೆ ಕೊಯ್ದೆ. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದಾಗ ಎಲ್ಲವೂ ಚೆನ್ನಾಗಿಯೇ ಕಂಡವು. ಜೋಡಿಸಿ ಫೆವಿಕಾಲ್ ಹಾಕಿ ಸ್ಕ್ರೂ ಬಿಗಿದು ನಿಲ್ಲಿಸಿದರೆ ಕಪಾಟು ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಎತ್ತಿಕೊಂಡಿತು. ನೋಡಲು ಬಂದ ಬಡಗಿ ಆಚಾರ್ರು ಏನೂ ಹೇಳಲಿಲ್ಲ. ಟಿ.ವಿ. ಮೇಲಿದ್ದ ಯಾರದೋ ಲಗ್ನಪತ್ರಿಕೆ ಎತ್ತಿ, ನಾಲ್ಕು ಮಡಿಕೆ ಮಾಡಿ, ಆ ಕಾಲಿನ ಅಡಿಗೆ ತಳ್ಳಿದರು. ‘ಈಗ ಸಮ ಆತು’ ಅಂದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಗೇಜಿನ ಮುಳ್ಳು ಅರ್ಧ ಡಿಗ್ರಿ ಸುಳ್ಳು ಹೇಳಿದ್ದರೆ 280 ಮಿ.ಮೀ. ಅಗಲಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ವ್ಯತ್ಯಾಸ. ಬಡಗಿಗಳ ಲೆಕ್ಕದಲ್ಲಿ ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು, 3 ಮಿ.ಮೀ.ಗೆ ಸ್ವಲ್ಪ ಜಾಸ್ತಿ. ಹೆಚ್ಚುಕಡಿಮೆ ಅಷ್ಟು. ಆದರೆ ಆ ಅರ್ಧಚಂದ್ರದಲ್ಲಿ ಅರ್ಧ ಡಿಗ್ರಿ ಅಂದರೆ ಎರಡು ಗೆರೆಗಳ ನಡುವಿನ ಅರ್ಧ ಜಾಗ. ಗೆರೆಯ ದಪ್ಪವೇ ಅದಕ್ಕೆ ಹತ್ತಿರ! ಅಂಗೈ ಅಗಲದ ಮಾಪಕದಲ್ಲಿ ನೋಡಿ ತೋಳುದ್ದದ ಹಲಗೆ ಕೊಯ್ಯುವುದೇ ತಪ್ಪು. ಪರೀಕ್ಷೆಯಲ್ಲಿ ಮಕ್ಕಳು ಹೀಗೆ ಮಾಡಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಸರಿ, ಮೂಲೆಮಟ್ಟ (90 ಡಿಗ್ರಿ ನೋಡುವ ಎರಡು ತೋಳಿನ ಮಟ್ಟ) ಇಟ್ಟು ಗೇಜನ್ನು ಸರಿಮಾಡೋಣ ಅಂತ ಹೊರಟೆ. ಅಲ್ಲಿಯೇ ಆಚಾರ್ರು ತಡೆದರು. ‘ಟೀಚರೇ, ಆ ಮಟ್ಟ ಸರಿ ಉಂಟು ಅಂತ ನಿಮಗೆ ಯಾರು ಹೇಳಿದ್ದು?’

ಅವರು ತೋರಿಸಿದ್ದು ಇಷ್ಟೇ. ಅಂಚು ನೇರ ಇರುವ ಒಂದು ಹಲಗೆ ತೆಗೆದುಕೊಂಡು, ಮೂಲೆಮಟ್ಟವನ್ನು ಅಂಚಿಗೆ ಒತ್ತಿ ಒಂದು ಗೆರೆ ಎಳೆದರು. ಮಟ್ಟವನ್ನು ಮಗುಚಿ, ಅದೇ ಬುಡದಿಂದ ಇನ್ನೊಂದು ಗೆರೆ. ಮಟ್ಟ ಸರಿಯಿದ್ದರೆ ಎರಡೂ ಗೆರೆ ಒಂದರ ಮೇಲೊಂದು ಕೂರಬೇಕು. ನನ್ನದರಲ್ಲಿ ಬುಡದಲ್ಲಿ ಒಟ್ಟಿಗೆ ಹೊರಟ ಗೆರೆಗಳು ತುದಿಯಲ್ಲಿ ಒಂದು ಮಿಲಿಮೀಟರ್ ದೂರ ಹೋಗಿದ್ದವು. ಅಂದರೆ ಮಟ್ಟದ ತಪ್ಪು ಅರ್ಧ ಮಿಲಿಮೀಟರ್, ಮಗುಚಿದ್ದಕ್ಕೆ ಎರಡರಷ್ಟಾಗಿ ಕಂಡಿದೆ. ಪೇಟೆಯಿಂದ ತಂದ ಹೊಳೆಯುವ ಸ್ಟೀಲಿನ ಮಟ್ಟ ಅದು. ಅದರ ಮೇಲೆ ‘ನಿಖರ’ ಎಂಬರ್ಥದ ಇಂಗ್ಲಿಷ್ ಪದ ಬೇರೆ ಅಚ್ಚಾಗಿತ್ತು.

ತಪ್ಪನ್ನು ಮಗುಚಿ ದೊಡ್ಡದು ಮಾಡಿ ನೋಡುವ ಈ ಉಪಾಯ ತಲೆಯಲ್ಲಿ ಕೂತುಬಿಟ್ಟಿತು. ಟೇಬಲ್ ಸಾ ಸರಿಮಾಡುವ ಕೆಲಸವೆಲ್ಲ ಇದರದ್ದೇ ಬೇರೆ ಬೇರೆ ರೂಪ ಅಂತ ಆಮೇಲೆ ಗೊತ್ತಾಯಿತು.

ಮೊದಲು ಬ್ಲೇಡು ಮತ್ತು ಗಾಡಿ. ಮೇಜಿನ ಮೇಲೆ ಬ್ಲೇಡಿನ ಎಡಬಲಕ್ಕೆ ಎರಡು ಗಾಡಿ ಕೊರೆದಿರುತ್ತಾರೆ, ನನ್ನ ಯಂತ್ರದಲ್ಲಿ 19 ಮಿ.ಮೀ. ಅಗಲ. ಮರ ನಡೆಯುವುದು ಈ ಗಾಡಿಯ ಗುಂಟ. ಬ್ಲೇಡು ಅದಕ್ಕೆ ಸಮಾಂತರ ಇಲ್ಲದಿದ್ದರೆ ಮುಂದಿನ ಹಲ್ಲು ಕೊಯ್ದ ಜಾಗವನ್ನು ಹಿಂದಿನ ಹಲ್ಲು ಮತ್ತೆ ಕೆರೆಯುತ್ತದೆ. ಅಂಚು ಕಪ್ಪಗೆ ಸುಡುವುದು, ಹಲಗೆ ಅಲುಗಿದ ಹಾಗಾಗುವುದು ಇದಕ್ಕೇ. ಪ್ಲಗ್ಗು ಕಿತ್ತು (ಸ್ವಿಚ್ಚು ಆರಿಸಿದರೆ ಸಾಲದು, ಕಿತ್ತೇ), ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಮಾರ್ಕರಿನಲ್ಲಿ ಚುಕ್ಕೆ ಇಟ್ಟೆ. ಆ ಹಲ್ಲು ಮುಂದಿದ್ದಾಗ ಗಾಡಿಯ ಅಂಚಿನಿಂದ ಎಷ್ಟು ದೂರ, ಕೈಯಲ್ಲಿ ತಿರುಗಿಸಿ ಹಿಂದಕ್ಕೆ ತಂದಾಗ ಎಷ್ಟು ದೂರ. ಅದೇ ಹಲ್ಲನ್ನೇ ಎರಡೂ ಕಡೆ ಅಳೆಯಬೇಕು. ಬೇರೆ ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಓರೆಯೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ನನಗೆ ಸಿಕ್ಕ ವ್ಯತ್ಯಾಸ 0.4 ಮಿ.ಮೀ. ಮೇಜಿನ ಅಡಿಗೆ ಅಂಗಾತ ಮಲಗಿ ಬೋಲ್ಟು ಸಡಿಲಿಸಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ, ಮತ್ತೆ ಬಿಗಿ ಮಾಡಿದೆ. ಬಿಗಿ ಮಾಡುವಾಗಲೇ ಅದು ಮತ್ತೆ ಸರಿಯುತ್ತದೆ. ಹಾಗೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕೊನೆಗೆ 0.1ರೊಳಗೆ ಬಂತು, ಸಾಕು ಅಂತ ಎದ್ದೆ.

ಬ್ಲೇಡು ಮೇಜಿಗೆ ನೆಟ್ಟಗಿದೆಯೋ ನೋಡಲು ಮತ್ತೆ ಮಗುಚುವುದೇ. ಒಂದು ರೀಪರನ್ನು ಎತ್ತರದ ಮೈ ನಿಲ್ಲಿಸಿ ಅಡ್ಡ ಕೊಯ್ದು, ಒಂದು ತುಂಡನ್ನು ಮೇಲೆಕೆಳಗಾಗಿ ಮಗುಚಿ, ಕೊಯ್ದ ಮುಖಗಳನ್ನು ಜೋಡಿಸಿ ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. ಆ ಸಂದು ನಿಜವಾದ ಓರೆಯ ಎರಡು ಪಟ್ಟು.

ಇಷ್ಟಾದ ಮೇಲೆ ಮೈಟರ್ ಗೇಜನ್ನು ಗೂಡಿನಲ್ಲಿಟ್ಟು, ಕೊಯ್ಯುವ ಮರವನ್ನು ಹೊತ್ತು ಗಾಡಿಯಲ್ಲಿ ಜಾರುವ ಒಂದು ಮಣೆ ಮಾಡಿಕೊಂಡೆ. ಇದಕ್ಕೆ ಹೊರಗಿನವರು ಸ್ಲೆಡ್ ಅನ್ನುತ್ತಾರೆ. ಅಂದರೆ ಹಿಮದ ಮೇಲೆ ಜಾರುವ ಬಂಡಿ. ಹಿಮವೇ ಕಾಣದ ನಮಗೆ ಯಾತರ ಸ್ಲೆಡ್! ಅಡಿಯಲ್ಲಿ ಎರಡು ಪಟ್ಟಿ, ಮೇಲೊಂದು ಹಲಗೆ, ನೋಡಿದರೆ ಊಟದ ಮಣೆಯೇ. ಆಚಾರ್ರು ಮೊದಲ ದಿನವೇ ‘ಕೊಯ್ಯೋ ಮಣೆ’ ಅಂದರು, ಅದೇ ಉಳಿಯಿತು.

ಹಲಗೆ 12 ಮಿ.ಮೀ. ಪ್ಲೈವುಡ್, 700 ಮಿ.ಮೀ. ಅಗಲ, 600 ಉದ್ದ. ಪ್ಲೈವುಡ್ ಆರಿಸುವಾಗ ದಪ್ಪ ಎಲ್ಲ ಕಡೆ ಒಂದೇ ಇದೆಯೋ, ಬಾಗಿಲ್ಲವೋ ಎರಡನ್ನೂ ನೋಡಬೇಕು. ನಾನು ತಂದದ್ದು ಐ.ಎಸ್. 710 ಮುದ್ರೆಯ ಮರೀನ್ ಪ್ಲೈ. ನಮ್ಮ ಮಳೆಗೆ ಅದೇ ಸರಿ. ಅಡಿಯ ಪಟ್ಟಿಗಳು ತೇಗದವು, ಹಳೆಯ ಕಿಟಕಿಯ ದಾರಂದದಿಂದ ಸೀಳಿದ್ದು. ಇಲ್ಲೊಂದು ಸೂಕ್ಷ್ಮವಿದೆ. ಮರ ಹಿಗ್ಗುವುದು ಕುಗ್ಗುವುದು ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಉದ್ದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಡ್ಡಕ್ಕೆ ನೋಡಿದರೆ, ವರ್ಷದ ಉಂಗುರಗಳ ಗುಂಟ ಆಗುವ ಬದಲಾವಣೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು. ಗಾಡಿಯಲ್ಲಿ ಮುಖ್ಯ ಆಗುವುದು ಪಟ್ಟಿಯ ಅಗಲ. ಆದ್ದರಿಂದ ಪಟ್ಟಿಯ ಕೊನೆ ನೋಡಿದಾಗ ಉಂಗುರದ ಗೆರೆಗಳು ನಿಂತಿರಬೇಕು, ಮಲಗಿರಬಾರದು. ಇದು ಗೊತ್ತಿಲ್ಲದೆ ಮೊದಲು ಮಲಗಿದ ಉಂಗುರದ ಪಟ್ಟಿ ಹಾಕಿದ್ದೆ. ಆಷಾಢದ ಮಳೆ ಹಿಡಿದ ನಾಲ್ಕನೇ ದಿನಕ್ಕೆ ಮಣೆ ಗಾಡಿಯಲ್ಲಿ ಕಚ್ಚಿಕೊಂಡು ಅಲ್ಲಾಡಲಿಲ್ಲ. ಅದನ್ನು ಕೀಸಿ ಸಡಿಲ ಮಾಡಿದೆ. ಶಿವರಾತ್ರಿ ಹೊತ್ತಿಗೆ ಗಡಗಡ ಅಲುಗತೊಡಗಿತು. ಹೀಗೆ ಅಲುಗುವ ಮಣೆಯಲ್ಲಿ ಎಷ್ಟು ಲೆಕ್ಕ ಮಾಡಿದರೂ ನೀರಿನಲ್ಲಿ ಹೋಮ.

ಪಟ್ಟಿ ಅಂಟಿಸುವುದು ಹೀಗೆ. ಗಾಡಿಯೊಳಗೆ ಅಲ್ಲಲ್ಲಿ ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು, ಅದರ ಮೇಲೆ ಪಟ್ಟಿ ಕೂರಿಸಿದರೆ ಅದು ಮೇಜಿಗಿಂತ ಕೂದಲಷ್ಟು ಮೇಲೆ ನಿಲ್ಲುತ್ತದೆ. ಮೇಲೆ ಫೆವಿಕಾಲ್ ಸವರಿ, ಪ್ಲೈವುಡ್ ಇಟ್ಟು, ಅದರ ಮೇಲೆ ನನ್ನ ಹಳೆಯ ಗಣಿತ ಪುಸ್ತಕಗಳ ರಾಶಿ. ಮಾರನೇ ದಿನ ಎತ್ತಿದರೆ ಪಟ್ಟಿ ಗಾಡಿಗೆ ತಕ್ಕ ಹಾಗೆ ಅಂಟಿಕೊಂಡಿರುತ್ತದೆ. ಬಿಗಿ ಇದ್ದಲ್ಲಿ ಕಪ್ಪು ಹೊಳಪು ಬರುತ್ತದೆ, ಅಷ್ಟನ್ನೇ ಕೀಸುವುದು. ಕೊನೆಗೆ ಮೇಣದ ಬತ್ತಿ ಉಜ್ಜುವುದು. ಎಣ್ಣೆ ಬೇಡ, ಕೊಯ್ಯುವ ಮರಕ್ಕೆ ತಗುಲಿದರೆ ಪಾಲಿಶ್ ಹಿಡಿಯುವುದಿಲ್ಲ.

ಮಣೆಯ ಮೇಲೆ ಎರಡು ದಪ್ಪ ಪಟ್ಟಿಗಳು ನಿಲ್ಲುತ್ತವೆ. ಆಚೆಯದು ಬ್ಲೇಡು ಸೀಳಿದ ಮಣೆ ಎರಡು ಹೋಳಾಗದಂತೆ ಹಿಡಿದಿಡಲು ಮಾತ್ರ, ಅದು ಸ್ವಲ್ಪ ಸೊಟ್ಟಿದ್ದರೂ ನಡೆಯುತ್ತದೆ. ಈಚೆಯದು, ನಮ್ಮ ಹೊಟ್ಟೆಯ ಕಡೆಯದು, ಮರ ಒರಗುವ ಫೆನ್ಸು. ಬ್ಲೇಡಿಗೆ ಸರಿಯಾಗಿ ಲಂಬಕೋನದಲ್ಲಿ ಇರಬೇಕಾದ್ದು ಇದೊಂದೇ. ಇದರ ಬಲ ತುದಿಗೆ ಒಂದು ಸ್ಕ್ರೂ ಹಾಕಿ ಅದನ್ನೇ ಕೀಲು ಮಾಡಿಕೊಂಡೆ. ಎಡ ತುದಿಯನ್ನು ಸದ್ಯಕ್ಕೆ ಕ್ಲಾಂಪಿನಲ್ಲಿ ಹಿಡಿದಿಟ್ಟೆ.

ಇನ್ನು ಫೆನ್ಸು ಲಂಬಕೋನದಲ್ಲಿ ಇದೆಯೋ ನೋಡಲು ‘ಐದು ಕೊಯ್ತದ ಪರೀಕ್ಷೆ’. ಕಾಗದದ ಮೇಲೆ ಇದನ್ನು ಮೊದಲ ಸಲ ಬಿಡಿಸಿದಾಗ ಹತ್ತನೇ ಕ್ಲಾಸಿನ ಮಕ್ಕಳಿಗೆ ಯಾಕೆ ಇದನ್ನು ಹೇಳಿಕೊಡಲಿಲ್ಲ ಅಂತ ಬೇಜಾರಾಯಿತು. ಸುಮಾರು 450 ಮಿ.ಮೀ. ಚೌಕದ ಒಂದು ಪ್ಲೈವುಡ್ ತುಂಡು ಬೇಕು. ಬ್ಲೇಡಿನ ಎಡಕ್ಕೆ ಇಟ್ಟು ಬಲ ಅಂಚನ್ನು ಸ್ವಲ್ಪ ಕೊಯ್ಯುವುದು. ಈಗ ಕೊಯ್ದ ಅಂಚು ಫೆನ್ಸಿಗೆ ಬರುವ ಹಾಗೆ ತುಂಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಮತ್ತೆ ಕೊಯ್ಯುವುದು. ಹಾಗೆ ನಾಲ್ಕು ಅಂಚು. ಐದನೇ ಸಲ ಮೊದಲ ಅಂಚೇ ಮತ್ತೆ ಬರುತ್ತದೆ. ಈ ಸಲ ಒಂದು ಇಂಚಿನಷ್ಟು ಅಗಲದ ಪಟ್ಟಿ ಕೊಯ್ದು ತೆಗೆದು, ಅದರ ಎರಡೂ ತುದಿಯ ಅಗಲ ಅಳೆಯುವುದು.

ಚೌಕದ ನಾಲ್ಕು ಕೋನ ಸೇರಿ 360 ಆಗಲೇಬೇಕಲ್ಲ. ಪ್ರತಿ ಕೊಯ್ತವೂ ಒಂದಿಷ್ಟು ಜಾಸ್ತಿ ತಿಂದರೆ ಆ ಜಾಸ್ತಿಯೆಲ್ಲ ಸೇರಿಕೊಂಡು ಕೊನೆಯ ಮೂಲೆಯಲ್ಲಿ ಬಂದು ಬೀಳುತ್ತದೆ. ಐದನೇ ಪಟ್ಟಿಯಲ್ಲಿ ಕಾಣುವುದು ಒಂದು ಕೊಯ್ತದ ತಪ್ಪಿನ ನಾಲ್ಕು ಪಟ್ಟು. ಆಚಾರ್ರ ಮೂಲೆಮಟ್ಟ ಮಗುಚಿದರೆ ಎರಡು ಪಟ್ಟು, ಇದು ಅದರ ಎರಡರಷ್ಟು. ಮೂಲೆಮಟ್ಟವೇ ಬೇಡ ಅನ್ನುವುದು ಇದರ ಇನ್ನೊಂದು ಚಂದ.

ನನ್ನ ಪಟ್ಟಿ 400 ಮಿ.ಮೀ. ಉದ್ದ. ಫೆನ್ಸಿನ ಕಡೆಯ ತುದಿ 25.84 ಮಿ.ಮೀ., ಆಚೆಯ ತುದಿ 24.60. ವ್ಯತ್ಯಾಸ 1.24. ನಾಲ್ಕರಿಂದ ಭಾಗಿಸಿದರೆ 0.31. ಅಂದರೆ 400 ಮಿ.ಮೀ.ಗೆ 0.31 ಓರೆ. ನನ್ನ ಫೆನ್ಸಿನ ಕೀಲಿನಿಂದ ಎಡ ತುದಿಗೆ 560 ಮಿ.ಮೀ. ದೂರ, ತ್ರೈರಾಶಿ ಹಾಕಿದರೆ ಅಲ್ಲಿ 0.43 ಮಿ.ಮೀ. ಸರಿಸಬೇಕು. ಇಷ್ಟು ಸಣ್ಣ ಅಳತೆ ಸರಿಸುವುದು ಹೇಗೆ? ನಮ್ಮ ಮನೆಯವರ ಹಳೆಯ ಸ್ಕೂಟರಿನ ಟೂಲ್ ಡಬ್ಬದಲ್ಲಿ ಪಾಯಿಂಟ್ ಗ್ಯಾಪ್ ನೋಡುವ ಫೀಲರ್ ಗೇಜ್ ಇತ್ತು, ಸಣ್ಣ ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಗೊಂಚಲು. 0.30 ಮತ್ತು 0.15ರ ಎಲೆ ಜೋಡಿಸಿದರೆ 0.45. ಫೆನ್ಸಿಗೆ ತಾಗಿಸಿ ಒಂದು ಮರದ ತುಂಡನ್ನು ಕ್ಲಾಂಪ್ ಮಾಡಿ, ನಡುವೆ ಎಲೆಗಳನ್ನಿಟ್ಟು, ಅಷ್ಟು ಸರಿಸಿ ಬಿಗಿದೆ.

ಮತ್ತೆ ಐದು ಕೊಯ್ತ. ವ್ಯತ್ಯಾಸ 2.52!

ಸ್ವಲ್ಪ ಹೊತ್ತು ಹಾಗೇ ಕೂತೆ. ಆಮೇಲೆ ನಗು ಬಂತು. ದಿಕ್ಕು ಉಲ್ಟಾ ಹಿಡಿದಿದ್ದೆ. ಮಕ್ಕಳಿಗೆ ಋಣ ಚಿಹ್ನೆ ಮರೆಯಬೇಡಿ ಅಂತ ಸೀಮೆಸುಣ್ಣ ಎಸೆದವಳು ನಾನೇ. ಈಗ ಮಣೆಯ ಮೇಲೇ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ: ‘ಫೆನ್ಸಿನ ಕಡೆ ದಪ್ಪ ಇದ್ದರೆ ಎಡ ತುದಿ ಮುಂದಕ್ಕೆ, ಸಪೂರ ಇದ್ದರೆ ಹಿಂದಕ್ಕೆ.’ ಮುಂದಕ್ಕೆ ಅಂದರೆ ನಮ್ಮಿಂದ ಆಚೆಗೆ. ಕೀಲು ಬಲಕ್ಕಿದ್ದು, ತುಂಡು ಬ್ಲೇಡಿನ ಎಡಕ್ಕಿದ್ದು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಮಾತ್ರ ಈ ಸೂತ್ರ. ಮತ್ತೆ ಲೆಕ್ಕ ಹಾಕಿ 0.90 ಮುಂದಕ್ಕೆ ತಳ್ಳಿದೆ. ಮೂರನೇ ಪರೀಕ್ಷೆಯಲ್ಲಿ ವ್ಯತ್ಯಾಸ 0.06. ನಾಲ್ಕರಿಂದ ಭಾಗಿಸಿ ನೋಡಿ, ಒಂದು ಕೊಯ್ತಕ್ಕೆ ಕೂದಲೆಳೆಯಷ್ಟೂ ಇಲ್ಲ. ಇನ್ನೂ ಕಡಿಮೆ ಮಾಡುವ ಚಪಲ ಬರುತ್ತದೆ. ಬೇಡ, ನಾಳೆ ಮಳೆ ಬಂದರೆ ಮರವೇ ಅದಕ್ಕಿಂತ ಹೆಚ್ಚು ಅಲುಗುತ್ತದೆ. ಎಡ ತುದಿಗೆ ನಾಲ್ಕು ಸ್ಕ್ರೂ ಹೊಡೆದು ಮುಗಿಸಿದೆ.

ಕೋನ ಸರಿಯಾದರೆ ಅರ್ಧ ಕೆಲಸ ಆಯಿತು, ಇನ್ನರ್ಧ ಉದ್ದದ್ದು. ಕಪಾಟಿನ ಐದು ಹಲಗೆಯ ಉದ್ದ 600 ಇದೆಯೋ 601 ಇದೆಯೋ ಯಾರೂ ಕೇಳುವುದಿಲ್ಲ. ಐದೂ ಒಂದೇ ಇರಬೇಕು, ಅಷ್ಟೇ. ಹಾಗಾಗಿ ಪ್ರತಿಯೊಂದಕ್ಕೂ ಟೇಪು ಹಿಡಿದು ಗುರುತು ಹಾಕುವುದನ್ನು ಬಿಟ್ಟೆ. ಫೆನ್ಸಿಗೆ ಒಂದು ಅಡ್ಡತುಂಡನ್ನು ಕ್ಲಾಂಪ್ ಮಾಡಿ, ಹಲಗೆಯ ಕೊನೆಯನ್ನು ಅದಕ್ಕೆ ತಾಗಿಸಿ ಕೊಯ್ಯುತ್ತೇನೆ. ಅದರಲ್ಲೂ ಒಮ್ಮೆ ಮೂರನೇ ಹಲಗೆ ಅರ್ಧ ಮಿಲಿಮೀಟರ್ ಗಿಡ್ಡ ಬಂತು. ಯಾಕೆಂದು ಹುಡುಕಿದರೆ ಅಡ್ಡತುಂಡಿನ ಬುಡದಲ್ಲಿ ಮರದ ಹೊಟ್ಟು ಸೇರಿಕೊಂಡಿತ್ತು. ಹೊಟ್ಟಿನ ಗೋಡೆಗೆ ತಾಗಿಸಿ ಕೊಯ್ದಿದ್ದೆ! ಈಗ ಅಡ್ಡತುಂಡಿನ ಕೆಳಮೂಲೆಯನ್ನು ಓರೆಯಾಗಿ ಕೆತ್ತಿದ್ದೇನೆ, ಹೊಟ್ಟು ಅಲ್ಲಿ ಅಡಗಿಕೊಳ್ಳುತ್ತದೆ. ಪಕ್ಕದಲ್ಲೊಂದು ಹಳೆಯ ಪೇಂಟ್ ಬ್ರಶ್ಶೂ ಇದೆ.

ಟೇಪಿನ ತುದಿಯ ಕೊಕ್ಕೆ ಲಟಪಟ ಅಲ್ಲಾಡುತ್ತದೆ ಅಂತ ಹೊಸದನ್ನು ಹಿಂದಿರುಗಿಸಲು ಹೋದವಳೂ ನಾನೇ. ಅದು ಹಾಗೇ ಇರಬೇಕಾದ್ದಂತೆ. ಎಳೆದು ಅಳೆದಾಗಲೂ ಒತ್ತಿ ಅಳೆದಾಗಲೂ ಸೊನ್ನೆ ಒಂದೇ ಕಡೆ ಬೀಳಲಿ ಅಂತ ಕೊಕ್ಕೆಯ ದಪ್ಪದಷ್ಟೇ ಆಟ ಬಿಟ್ಟಿರುತ್ತಾರೆ. ಹಳೆಯ ಟೇಪಿನಲ್ಲಿ ರಿವೆಟ್ಟು ಸವೆದು ಆಟ ಜಾಸ್ತಿಯಾಗಿದ್ದರೆ 10 ಸೆಂ.ಮೀ. ಗೆರೆಯಿಂದ ಅಳೆದು ಆಮೇಲೆ 10 ಕಳೆಯುವುದು. ಕಳೆಯಲು ಮರೆತು ಕೊಯ್ದ ಒಂದು ಹೊನ್ನೆ ಹಲಗೆ ಈಗ ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನಲ್ಲಿದೆ.

ಬ್ಲೇಡಿನ ಬಗ್ಗೆ ಒಂದೇ ಮಾತು. ಯಂತ್ರದ ಜೊತೆ ಬಂದದ್ದು 24 ಹಲ್ಲಿನದು, ಅದು ಉದ್ದಕ್ಕೆ ಸೀಳುವುದಕ್ಕೆ. ಅಡ್ಡ ಕೊಯ್ಯುವಾಗ ನಾರನ್ನು ಕಡಿಯಬೇಕು, ಕಿತ್ತರೆ ಅಂಚು ಇಲಿ ತಿಂದ ರೊಟ್ಟಿಯ ಹಾಗಾಗುತ್ತದೆ. 60 ಹಲ್ಲಿನದು ಹಾಕಿದ ದಿನ ಅರ್ಧ ಸಮಸ್ಯೆ ಹೋಯಿತು. ಉಳಿದರ್ಧವನ್ನು ಮಣೆಯೇ ನೋಡಿಕೊಳ್ಳುತ್ತದೆ. ಬ್ಲೇಡು ಮಣೆಯಲ್ಲಿ ತನ್ನಷ್ಟೇ ಅಗಲದ ಸೀಳು ಮಾಡಿಕೊಂಡಿರುವುದರಿಂದ ಕೊಯ್ಯುವ ಹಲಗೆಯ ಅಡಿಮೈಗೆ ಸೀಳಿನ ಎರಡೂ ಪಕ್ಕದಲ್ಲಿ ಆಸರೆ ಇರುತ್ತದೆ, ಎಳೆ ಕಿತ್ತು ಬರಲು ಜಾಗವಿಲ್ಲ.

ಇನ್ನೊಂದು ಘಟನೆ, ನಾಚಿಕೆಯಾದರೂ ಹೇಳಬೇಕು. ಮಣೆ ಮಾಡುವ ಮೊದಲು, ಒಂದೇ ಉದ್ದದ ತುಂಡುಗಳು ಬೇಕಾಗಿ, ಮೈಟರ್ ಗೇಜಿನಲ್ಲಿ ನೂಕುತ್ತಾ ಹಲಗೆಯ ಇನ್ನೊಂದು ತುದಿಯನ್ನು ಯಂತ್ರದ ಸೀಳುವ ಫೆನ್ಸಿಗೆ (ಉದ್ದಕ್ಕೆ ಸೀಳುವಾಗ ಹಲಗೆ ಒರಗುವ, ಬ್ಲೇಡಿಗೆ ಸಮಾಂತರದ ಪಟ್ಟಿಗೆ) ತಾಗಿಸಿಕೊಂಡೆ. ಕೊಯ್ದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ಓರೆಯಾಯಿತು. ಮುಂದಿನದನ್ನು ನಾನು ನೋಡಲಿಲ್ಲ, ಶಬ್ದ ಮಾತ್ರ ಕೇಳಿದೆ. ಕೊಟ್ಟಿಗೆಯ ತಗಡಿನಲ್ಲಿ ಆ ತಗ್ಗು ಈಗಲೂ ಇದೆ, ನನ್ನ ಕಿವಿಯ ಮಟ್ಟಕ್ಕೆ. ಅಂದು ರಾತ್ರಿ ಲೆಕ್ಕ ಹಾಕಿದೆ: 254 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 4,500 ಸುತ್ತು ಹಾಕಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 215 ಕಿಲೋಮೀಟರ್. ಅವತ್ತಿನಿಂದ ಸೀಳುವ ಫೆನ್ಸು, ಅಡ್ಡ ಕೊಯ್ಯುವ ಗೇಜು ಎರಡನ್ನೂ ಒಟ್ಟಿಗೆ ಬಳಸಿಲ್ಲ. ಕೊಟ್ಟಿಗೆಗೆ ಸೀರೆಯಲ್ಲಿ ಹೋಗುವುದಿಲ್ಲ, ಚೂಡಿದಾರಕ್ಕೂ ವೇಲ್ ಇಲ್ಲ, ಬಳೆ ಬಿಚ್ಚಿ ಕಿಟಕಿಯಲ್ಲಿಡುತ್ತೇನೆ. ಮಣೆಯ ಹಿಂಬದಿಯಲ್ಲಿ ಬ್ಲೇಡು ಹೊರಗೆ ಬರುವ ಜಾಗಕ್ಕೆ ಒಂದು ದಪ್ಪ ಮರದ ಗಟ್ಟಿ ಅಂಟಿಸಿ ಕೆಂಪು ಬಣ್ಣ ಬಳಿದಿದ್ದೇನೆ. ಹೆಬ್ಬೆರಳು ಅಲ್ಲಿ ಹೋಗಬಾರದು. ಮಳೆಗಾಲದಲ್ಲಿ ನಮ್ಮಲ್ಲಿ ವೋಲ್ಟೇಜು ಇಳಿಯುತ್ತದೆ, ಬ್ಲೇಡಿನ ದನಿ ಕುಗ್ಗಿದ್ದು ಕಿವಿಗೇ ಗೊತ್ತಾಗುತ್ತದೆ. ಆಗ ಕೊಯ್ಯುವುದಿಲ್ಲ, ಕಾಫಿ ಕುಡಿಯುತ್ತೇನೆ.

ಪೇಟೆಯಲ್ಲಿ ಒಳಾಂಗಣದ ಕೆಲಸ ಮಾಡುವ ಹುಡುಗರು ಕೈಯಲ್ಲಿ ಹಿಡಿಯುವ ಕಟಿಂಗ್ ಮಷೀನನ್ನು ಪ್ಲೈವುಡ್ ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದು ಅದನ್ನೇ ಟೇಬಲ್ ಸಾ ಮಾಡಿಕೊಂಡಿರುವುದನ್ನು ನೋಡಿದ್ದೇನೆ. ಗಾರ್ಡ್ ಇಲ್ಲ, ಏನಿಲ್ಲ. ಅವರ ಕೈ ಓಡುವ ವೇಗ ನೋಡಿದರೆ ನನ್ನ ಲೆಕ್ಕವೆಲ್ಲ ಮಕ್ಕಳಾಟ ಅನಿಸುತ್ತದೆ, ಅವರ ಬೆರಳು ನೋಡಿದರೆ ಹೊಟ್ಟೆ ತೊಳಸುತ್ತದೆ.

ಹೋದ ವಾರ ಆಚಾರ್ರು ಒಂದು ಚೀಲ ಹೊತ್ತು ಬಂದರು. ಯಾರದೋ ಮನೆಯ ತೊಟ್ಟಿಲಿಗೆ 24 ಹಲಸಿನ ಸರಳು, ಎಲ್ಲ ಒಂದೇ ಉದ್ದ ಬೇಕು. ‘ನಿಮ್ಮ ಮಣೆ ಮೇಲೆ ಕೊಯ್ದು ಕೊಡಿ, ಕೈ ನಡುಗ್ತದೆ ಈಗ’ ಅಂದರು. ಇಪ್ಪತ್ತು ನಿಮಿಷ ಹಿಡಿಯಲಿಲ್ಲ. ಅವರು ಒಂದು ಸರಳು ಎತ್ತಿ, ತಮ್ಮ ಕಬ್ಬಿಣದ ಮೂಲೆಮಟ್ಟ ಇಟ್ಟು, ಬಾಗಿಲ ಬೆಳಕಿಗೆ ಹಿಡಿದರು. ಇನ್ನೊಂದು ಎತ್ತಿದರು. ‘ಓರೆ ಉಂಟಲ್ಲ ಟೀಚರೇ.’

ನನಗೆ ಬೆವರು ಬಂತು. ಆಮೇಲೆ ಮೆಲ್ಲಗೆ ಕೇಳಿದೆ, ‘ಆ ಮಟ್ಟ ಸರಿ ಉಂಟು ಅಂತ ನಿಮಗೆ ಯಾರು ಹೇಳಿದ್ದು?’

ಒಂದು ಕ್ಷಣ ನನ್ನನ್ನೇ ನೋಡಿದರು. ಹಲಗೆಯ ಮೇಲೆ ಗೆರೆ ಎಳೆದು, ಮಗುಚಿ, ಇನ್ನೊಂದು ಎಳೆದರು. ತುದಿಯಲ್ಲಿ ಗೆರೆಗಳು ಬೇರೆ ಬೇರೆ. ಹೋದ ತಿಂಗಳು ಅಟ್ಟದಿಂದ ಕೆಳಗೆ ಬಿದ್ದಿತ್ತಂತೆ, ಆಮೇಲೆ ನೋಡಿರಲಿಲ್ಲವಂತೆ. ಕೋನ ಒಳಗೆ ಸರಿದಿತ್ತು. ಕೊಟ್ಟಿಗೆಯ ಹೊಸ್ತಿಲ ಕಲ್ಲಿನ ಮೇಲೆ ಮಟ್ಟ ಇಟ್ಟು, ಒಳಮೂಲೆಯ ಹತ್ತಿರ ಪಂಚ್ ಹಿಡಿದು ಸುತ್ತಿಗೆಯಲ್ಲಿ ಸಣ್ಣದಾಗಿ ಹೊಡೆದರು. ಅಲ್ಲಿ ಲೋಹ ಹಿಗ್ಗಿದರೆ ತೋಳುಗಳು ಬಿಚ್ಚಿಕೊಳ್ಳುತ್ತವೆ. ಹೊಡೆಯುವುದು, ಗೆರೆ ಎಳೆಯುವುದು, ಮಗುಚುವುದು. ಮೂರನೇ ಪೆಟ್ಟಿಗೆ ಎರಡು ಗೆರೆಯೂ ಒಂದಾದವು. ಮತ್ತೆ ಸರಳಿಗೆ ಹಿಡಿದು ನೋಡಿ, ಏನೂ ಹೇಳದೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡರು.

ಹೊರಡುವಾಗ ಅಂಗಳದಿಂದ ತಿರುಗಿ ಕೇಳಿದರು, ‘ಆ ಕಪಾಟಿನ ಅಡಿ ಲಗ್ನಪತ್ರಿಕೆ ತೆಗೆದ್ರಾ?’

ಇಲ್ಲ, ಅದು ಹಾಗೇ ಇದೆ.